ಬಾನೆಟ್ ಎತ್ತಿದರೆ ನೆಲ ಕಾಣಬೇಕು

ಸೆಪ್ಟೆಂಬರ್ 3, ಬುಧವಾರ

ಈ ನೋಟುಬುಕ್ಕು ಇವಳು ತಂದುಕೊಟ್ಟದ್ದು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದು ಮೂರು ದಿನವಾಯಿತು. ಮೂರು ದಿನದಿಂದ ನಾನು ಬಾಯಿ ಮುಚ್ಚಿಲ್ಲವಂತೆ. "ರೀ, ಭಯ ಎಲ್ಲ ನನ್ನ ಕಿವಿಗೇ ಸುರೀಬೇಡಿ. ಬರೆದಿಡಿ, ಪುರುಸೊತ್ತಾದಾಗ ಓದ್ಕೋತೀನಿ" ಎಂದಳು. ಅವಳು ಓದುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ನಾನು ಸ್ಕೂಲು ಬಿಟ್ಟದ್ದು ಆರನೇ ಕ್ಲಾಸಿನ ಅರ್ಧಕ್ಕೆ. ಆಮೇಲೆ ಒಂದು ವರ್ಷ ಬಿಟ್ಟು ಏಳನೇ ಕ್ಲಾಸಿನಲ್ಲೂ ಮೂರು ತಿಂಗಳು ಕೂತಿದ್ದೆ. ಅದು ಹೇಗೆ ಸಾಧ್ಯವಾಯಿತು ಎಂದು ಮೇಷ್ಟರಿಗೇ ತಿಳಿಯಲಿಲ್ಲ. ಹಾಗಾಗಿ ಇಲ್ಲಿ ಅಕ್ಷರ ಹೇಗೇ ಇರಲಿ, ವಿಷಯ ಸರಿಯಾಗಿದೆ.

ವಿಷಯ ಇಷ್ಟು. ಎಡಗಣ್ಣಿನ ನರ ಸೊರಗಿದೆ. ಎದುರಿನ ಗಾಡಿ ಎಷ್ಟು ದೂರದಲ್ಲಿದೆ ಎನ್ನುವ ಅಂದಾಜು ಸಿಗುವುದಿಲ್ಲ. ಲಾರಿ ಇನ್ನು ಬೇಡ ಎಂದರು ಡಾಕ್ಟರು. ಸಣ್ಣ ಗಾಡಿ ಆಗಬಹುದೇ ಎಂದು ಕೇಳಿದೆ. ಸೈಕಲ್ಲನ್ನೂ ನೋಡಿಕೊಂಡು ತುಳಿಯಿರಿ ಎಂದರು.

ಐಸ್ ಫ್ಯಾಕ್ಟರಿಯಿಂದ ಮೀನು ಮಾರ್ಕೆಟ್ಟಿಗೆ ಎರಡೂವರೆ ಗಂಟೆಯ ದಾರಿ. ಹದಿನಾಲ್ಕು ವರ್ಷದಿಂದ ಬೆಳಗಿನ ಐಸು ನಮ್ಮ ಲಾರಿಯದೇ. ಅಕ್ಟೋಬರ್ ಒಂದರ ಬೆಳಿಗ್ಗೆ ಲಾರಿಯೂ ಡ್ರೈವರೂ ಗೇಟಿನಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಲೈನು ಬೇರೆಯವರಿಗೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದಾರೆ. ಅಲ್ಲಿಯವರೆಗೆ ಯಾರದೋ ಲಾರಿ ಓಡುತ್ತಿದೆ.

"ನಾನು ಹೊಡೀತೀನಿ" ಎಂದಳು ಇವಳು. ಸುಮ್ಮನೆ ಹೇಳುವವಳಲ್ಲ. ಬಟ್ಟೆ ಒಗೆಯುವ ಕಂಪನಿಯ ವ್ಯಾನನ್ನು ಒಂಬತ್ತು ವರ್ಷ, ನೀರಿನ ಟ್ಯಾಂಕರನ್ನು ಎರಡು ವರ್ಷ ಓಡಿಸಿದವಳು. ದೊಡ್ಡ ಗಾಡಿಯ ಲೈಸೆನ್ಸು ಇದೆ, ಅದರ ಫೋಟೋದಲ್ಲಿ ನನಗಿಂತ ಧೈರ್ಯವಾಗಿ ಕಾಣುತ್ತಾಳೆ.

ನೋಡೋಣ ಎಂದೆ. ನಾನು ನೋಡೋಣ ಎಂದರೆ ಬೇಡ ಎಂದರ್ಥ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿಲ್ಲವೇ.

ಸೆಪ್ಟೆಂಬರ್ 5, ಶುಕ್ರವಾರ

ಇವಳು ಲಾರಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದಳು. ಪಕ್ಕದಲ್ಲಿ ನಾನು. ಬೀದಿ ಕೊನೆ ಮುಟ್ಟುವ ಮುಂಚೆಯೇ, ಇಂಜಿನ್ ಕಾದರೆ ಎಚ್ಚರಿಸುವ ಬಿಸಿಯ ಗಂಟೆ ಹೊಡೆದುಕೊಂಡಿತು. ಅದು ಹೊಡೆದದ್ದಕ್ಕೆ ಕೆಂಪು ದೀಪ ಹತ್ತಿತು, ದೀಪ ಹತ್ತಿದ್ದಕ್ಕೆ ಪೀಪಿ ಕೂಗಿತು. ಎಲ್ಲ ನಾನೇ ಕೂರಿಸಿದ್ದು. ಗಂಟೆ ಕೆಟ್ಟರೆ ದೀಪ, ನಾನು ದೀಪ ನೋಡದಿದ್ದರೆ ಪೀಪಿ.

ಮನೆಗೆ ಬಂದು ಅವಳು ಬಾನೆಟ್ ಎತ್ತಿದಳು. ಎತ್ತಿ ಹಾಗೆಯೇ ನಿಂತಳು. ನಮ್ಮ ಜೊತೆಗೇ ಇರುವ ಅತ್ತೆಯೂ ಊರುಗೋಲು ಹಿಡಿದು ಬಂದು ಇಣುಕಿದರು. "ಅಳಿಯಂದಿರೇ, ಇದರಲ್ಲಿ ಇಂಜಿನ್ ಯಾವುದು?" ಎಂದರು. ಕುಹಕವಲ್ಲ, ನಿಜವಾಗಿಯೂ ಕೇಳಿದ್ದು.

ಇರುವುದನ್ನು ಇರುವ ಹಾಗೆ ಬರೆಯುತ್ತೇನೆ. ಹಾರ್ನು ಮೂರು. ಬ್ಯಾಟರಿ ಎರಡು. ಡೀಸೆಲ್ ಫಿಲ್ಟರು ಒಂದರ ಹಿಂದೆ ಒಂದು ಮೂರು. ಪ್ರತಿ ಹೋಸ್ ಪೈಪಿಗೂ ಎರಡೆರಡು ಕ್ಲಿಪ್ಪು, ಅದರ ಮೇಲೆ ತಂತಿ, ತಂತಿ ಮೇಲೆ ಟೇಪು. ಕಲ್ಲು ಹೊಡೆಯದಿರಲಿ ಎಂದು ರೇಡಿಯೇಟರಿಗೆ ಎರಡು ಪದರ ಜಾಲರಿ. ಬಿಡಿ ಬೆಲ್ಟು, ಬಿಡಿ ಪೈಪು ತುಂಬಿದ ತಗಡಿನ ಪೆಟ್ಟಿಗೆ. ವೈರುಗಳನ್ನು ಎಣಿಸಲು ಹೋಗಲಿಲ್ಲ. ಇವೆಲ್ಲದರ ಅಡಿಯಲ್ಲಿ ಇಂಜಿನ್. ಅದೂ ಈ ಲಾರಿಯದಲ್ಲ, ಹಳ್ಳಕ್ಕೆ ಬಿದ್ದ ಒಂದು ಬಸ್ಸಿನದು. ಬಸ್ಸಿನ ಏಸಿ ಕೂರಿಸುವ ಕಬ್ಬಿಣದ ಚೌಕಟ್ಟು ಇವತ್ತಿಗೂ ಅದಕ್ಕೆ ಅಂಟಿಕೊಂಡಿದೆ.

ಇವಳು ಬಾನೆಟ್ ಇಳಿಸಿದಳು. "ದಾರೀಲಿ ಏನಾದ್ರೂ ಕೆಟ್ರೆ ನನ್ನ ಕೈ ಹೋಗೋಕೆ ಜಾಗ ಬೇಕು ರೀ. ಬಾನೆಟ್ ಎತ್ತಿದ್ರೆ ನೆಲ ಕಾಣಬೇಕು. ಅಷ್ಟು ಮಾಡಿಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ನಾನು ಏನು ಉತ್ತರ ಕೊಟ್ಟೆ ಎಂದು ಬರೆಯುವ ಅಗತ್ಯವಿಲ್ಲ. ನೋಡೋಣ ಎಂದೆ.

ಸೆಪ್ಟೆಂಬರ್ 6, ಶನಿವಾರ

ಗ್ಯಾರೇಜಿನ ಮೇಸ್ತ್ರಿಯನ್ನು ಅವಳೇ ಕರೆಸಿದಳು. ಇಂಜಿನ್ ಕೂರಿಸಿಕೊಟ್ಟವನು ಅವನೇ. ಆಮೇಲೆ ಎಂಟು ವರ್ಷ ಅವನಿಗೆ ನಾನು ಬಾನೆಟ್ ತೋರಿಸಿರಲಿಲ್ಲ. ಅವನು ಏನಾದರೂ ತೆಗೆದುಬಿಟ್ಟಾನು ಎಂದು ಭಯ. ಒಳಗೆ ನೋಡಿ ಅವನು ನಗಲಿಲ್ಲ, ಅದೇ ಕಷ್ಟವಾಯಿತು. ತಲೆ ಕೆರೆದುಕೊಂಡು, "ಅಣ್ಣಾ, ಇದು ಬಿಸಿಯಾಗ್ತಿರೋದು ಯಾಕೆ ಗೊತ್ತಾ? ಬಿಸಿ ಆಗಬಾರದು ಅಂತ ನೀನು ಹಾಕಿರೋ ಸಾಮಾನಿಂದ. ಗಾಳಿಗೆ ದಾರಿ ಎಲ್ಲಿಟ್ಟಿದ್ದೀಯ?" ಎಂದ.

ಎಂಟು ವರ್ಷ ಆ ಗಂಟೆಗೆ ಹೆದರಿ ಬದುಕಿದ್ದೇನೆ. ಅದನ್ನು ಹೊಡೆಸುತ್ತಿದ್ದವನು ನಾನೇ.

ಯಾವುದು ಬೇಕು, ಯಾವುದು ಬೇಡ ಎಂದು ಹೇಳುವುದು ಅವನಿಗೂ ಸುಲಭವಲ್ಲ. ಇಂಜಿನ್ ಒಂದು ಗಾಡಿಯದು, ಮೈ ಇನ್ನೊಂದರದು, ನಡುವೆ ಇರುವುದೆಲ್ಲ ನನ್ನ ತಲೆಯದು. ಈ ಲಾರಿಯ ವಿವರ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೆ ಅವನು ಒಂದು ದಾರಿ ಹೇಳಿಕೊಟ್ಟ. ದಿನಕ್ಕೆ ಒಂದೇ ಸಾಮಾನು. ಮೊದಲು ಅದರ ಸಂಬಂಧ ಕಡಿದು ಗುರುತಿಗೆ ಬಟ್ಟೆಯ ಚೂರು ಕಟ್ಟುವುದು. ಒಂದು ದಿನ ಗಾಡಿ ಓಡಿಸಿ ನೋಡುವುದು. ಗಾಡಿ ತಕರಾರು ಮಾಡದಿದ್ದರೆ ಮಾರನೆಯ ದಿನ ಬಿಚ್ಚುವುದು. ಒಂದು ದಿನಕ್ಕೆ ಎರಡು ಮುಟ್ಟಬಾರದು, ಮುಟ್ಟಿದರೆ ತಕರಾರು ಯಾವುದರದು ಎಂದು ತಿಳಿಯುವುದಿಲ್ಲ.

ಈ ಪದ್ಧತಿ ನನಗೆ ಹಿಡಿಸಿತು. ದಿನಕ್ಕೆ ಒಂದರಂತೆ ಹೋದರೆ ಅಕ್ಟೋಬರ್ ಒಂದಕ್ಕೆ ಮುಗಿಯುವುದಿಲ್ಲವಲ್ಲ ಎಂದು ಲೆಕ್ಕ ಹಾಕಿ ಸ್ವಲ್ಪ ಸಮಾಧಾನವಾಯಿತು. ಹೀಗೆ ಬರೆಯಬಾರದಿತ್ತು. ಬರೆದಾಯಿತು.

ಸೆಪ್ಟೆಂಬರ್ 8, ಸೋಮವಾರ

ಮೂರನೆಯ ಹಾರ್ನಿಗೆ ಬಟ್ಟೆ ಕಟ್ಟಿದೆ. ಅಷ್ಟಕ್ಕೇ ಅರ್ಧ ದಿನ ಹಿಡಿಯಿತು. ಮೊದಲ ಹಾರ್ನು ಕೆಟ್ಟರೆ ಎರಡನೆಯದು ಇದೆ, ಸರಿ. ಎರಡೂ ಒಂದೇ ದಿನ ಕೆಟ್ಟರೆ? ಹದಿನಾಲ್ಕು ವರ್ಷದಲ್ಲಿ ಒಂದೂ ಕೆಟ್ಟಿಲ್ಲ. ಹಾಗಾದರೆ ಕೆಡುವ ಕಾಲ ಹತ್ತಿರ ಬಂದಿರಬೇಕಲ್ಲ?

ಇದನ್ನು ಇವಳಿಗೆ ಹೇಳಿದೆ. ನೋಟುಬುಕ್ಕಿನ ಕಡೆ ಬೆರಳು ತೋರಿಸಿದಳು.

ಸೆಪ್ಟೆಂಬರ್ 10, ಬುಧವಾರ

ಬಿಸಿಯ ಗಂಟೆಗೆ ಬಟ್ಟೆ ಕಟ್ಟಿದೆ. ಇವಳು ಅಂಗಡಿಗೆ ಹೋದಾಗ ಬಿಚ್ಚಿ ಮತ್ತೆ ವೈರು ಸೇರಿಸಿದೆ. ಯಾರಿಗೂ ಗೊತ್ತಾಗದಂತೆ ಬಟ್ಟೆಯ ಚೂರನ್ನು ಮೊದಲಿದ್ದ ಹಾಗೆಯೇ ಸುತ್ತಿಟ್ಟೆ. ಸಂಜೆ ಅವಳು ಗಾಡಿ ಹೊರಡಿಸಿದಳು. ಬೀದಿ ಕೊನೆಯಲ್ಲಿ ಬಟ್ಟೆ ಕಟ್ಟಿಕೊಂಡೇ ಗಂಟೆ ಹೊಡೆಯಿತು.

ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಅವಳು ಗಾಡಿ ತಿರುಗಿಸಿದಳು. ಆ ಕಿರಿದಾದ ಬೀದಿಯಲ್ಲಿ ನಾನಾಗಿದ್ದರೆ ನಾಲ್ಕು ಸಲ ಹಿಂದೆ ಮುಂದೆ ಮಾಡುತ್ತಿದ್ದೆ, ಅವಳು ಎರಡೇ ಸಲ. ಗಂಟೆ ಹೊಡೆಯುತ್ತಲೇ ಇತ್ತು.

ಸೆಪ್ಟೆಂಬರ್ 12, ಶುಕ್ರವಾರ

ಫ್ಯಾಕ್ಟರಿಗೆ ಹೋಗಿದ್ದೆ, ಇವಳಿಗೆ ಹೇಳದೆ. ಲಾರಿ ಒಂದನೇ ತಾರೀಖಿಗೆ ಸಿದ್ಧವಾಗುವುದು ಅನುಮಾನ, ಒಂದು ತಿಂಗಳು ಮುಂದೆ ಹಾಕಬಹುದೇ ಎಂದು ಕೇಳಲು. ಮ್ಯಾನೇಜರು ರಿಜಿಸ್ಟರು ಬಿಡಿಸಿ, ಲಾರಿ ನಂಬರು ಇದೆ, ಡ್ರೈವರ್ ಹೆಸರಿನ ಜಾಗ ಖಾಲಿ ಇದೆ, ಯಾರನ್ನು ಬರೆಯಲಿ ಎಂದರು. ಇಪ್ಪತ್ತೈದರ ಒಳಗೆ ಹೇಳುತ್ತೇನೆ ಎಂದೆ. ಆ ದಿನದ ಮೇಲೆ ಕಾಯುವುದಿಲ್ಲ ಎಂದರು.

ಹೆಂಡತಿಯ ಹೆಸರು ಹೇಳಲು ನಾಚಿಕೆಯಾಗಿತ್ತೇ? ಅಲ್ಲ. ಹೆಸರು ಬರೆದರೆ ಅವಳು ಹೋಗುತ್ತಾಳೆ. ಹೋದವಳು ಮಾರ್ಕೆಟ್ ದಾರಿಯ ಆ ಏರಿನ ಮೇಲೆ, ಹಿಂದೆ ಆರು ಟನ್ ಐಸು, ಮುಂದೆ ಬಸ್ಸು. ಇಲ್ಲಿಗೆ ನಿಲ್ಲಿಸುತ್ತೇನೆ.

ಸೆಪ್ಟೆಂಬರ್ 15, ಸೋಮವಾರ

ಗಂಟೆ ಹೋಯಿತು. ಜಾಲರಿಯ ಒಂದು ಪದರ ಹೋಯಿತು. ಎರಡನೆಯ ಬ್ಯಾಟರಿಗೆ ಇವತ್ತು ಬಟ್ಟೆ. ಜಾಲರಿ ತೆಗೆದ ದಿನ ಬಿಸಿಯ ಮುಳ್ಳು ಅರ್ಧದ ಮೇಲೆ ಏರಲಿಲ್ಲ. ಮುಳ್ಳು ಕೆಟ್ಟಿರಬೇಕು ಎಂದುಕೊಂಡು ಬೆರಳಿನಿಂದ ತಟ್ಟಿದೆ. ಕೆಟ್ಟಿಲ್ಲ.

ಸೆಪ್ಟೆಂಬರ್ 18, ಗುರುವಾರ

ಏಸಿ ಚೌಕಟ್ಟು ಬಿಚ್ಚಲು ಮೂರು ಗಂಟೆ ಬೇಕಾಯಿತು. ಬೋಲ್ಟುಗಳು ತುಕ್ಕು ಹಿಡಿದು ಒಂದೇ ಜೀವವಾಗಿದ್ದವು. ಇವಳು ಪಾನಾ ಹಿಡಿದಳು, ನಾನು ಅದರ ಬಾಲಕ್ಕೆ ಪೈಪು ಸಿಕ್ಕಿಸಿ ತೂಗಾಡಿದೆ. ಕೊನೆಯ ಬೋಲ್ಟು ಬಿಟ್ಟಾಗ ಇಬ್ಬರೂ ಹಿಂದಕ್ಕೆ ಬಿದ್ದೆವು. ಅತ್ತೆ ಒಳಗಿನಿಂದ ಏನಾಯಿತು ಎಂದು ಕೂಗಿದರು. ಏನಿಲ್ಲಮ್ಮ, ಅಳಿಯಂದಿರು ಒಂದೊಂದೇ ಬೋಲ್ಟಾಗಿ ಕಡಿಮೆ ಆಗ್ತಿದ್ದಾರೆ ಎಂದಳು ಇವಳು.

ಚೌಕಟ್ಟು ಹೋದ ಜಾಗದಲ್ಲಿ ಒಂದು ಅಂಗೈಯಷ್ಟು ನೆಲ ಕಂಡಿತು. ಅಲ್ಲೊಂದು ಇರುವೆ ಹೋಗುತ್ತಿತ್ತು.

ಸೆಪ್ಟೆಂಬರ್ 20, ಶನಿವಾರ

ಮೇಸ್ತ್ರಿ ಬಂದು ನೋಡಿ, ಕೆಲಸ ಸರಿಯಾಗಿದೆ ಎಂದು ಒಪ್ಪಿಕೊಂಡ. ದಿನಕ್ಕೆ ಒಂದು ಎನ್ನುವುದು ನನಗೆ ಮಾತ್ರವಂತೆ, ಅವನು ಒಟ್ಟಿಗೇ ಫಿಲ್ಟರು ಎರಡು ತೆಗೆಸಿದ, ಇಂಜಿನ್ ಉಸಿರು ಬಿಟ್ಟಿತು. ಸ್ಟೇರಿಂಗ್ ಕೆಳಗಿನ ಎಳೆಯುವ ಗುಂಡಿಯನ್ನು ನೋಡಿ ಇದೇನು ಎಂದ. ಇಂಜಿನ್ ನಿಲ್ಲಿಸಲು, ಕೀ ಕೈಕೊಟ್ಟರೆ ಬೇಕಾಗುತ್ತದೆ ಎಂದೆ. "ಒಂದು ಇಂಜಿನ್ ನಿಲ್ಸೋಕೆ ಎಷ್ಟು ದಾರಿ ಬೇಕಪ್ಪ ನಿಂಗೆ? ಕೀ ಸಾಕು." ಆ ಗುಂಡಿಯೂ ಅದರ ಕೇಬಲ್ಲೂ ಹೋದವು.

ಬಿಚ್ಚಿದ ಸಾಮಾನೆಲ್ಲ ಶೆಡ್ಡಿನ ಮೂಲೆಯಲ್ಲಿದೆ. ಅದನ್ನು ನೋಡಿದರೆ ಇನ್ನೊಂದು ಲಾರಿ ಕಟ್ಟಬಹುದು ಅನಿಸುತ್ತದೆ. ಓಡುವುದಿಲ್ಲ, ಆದರೆ ಕೂಗುತ್ತದೆ.

ಸೆಪ್ಟೆಂಬರ್ 23, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಬೆಳಿಗ್ಗೆ ಬಾನೆಟ್ ಎತ್ತಿದಾಗ ಉಳಿದಿದ್ದದ್ದು ನಾಲ್ಕು ವೈರುಗಳ ಒಂದು ಜಡೆ. ಮೇಸ್ತ್ರಿ ಊರಲ್ಲಿ ಇರಲಿಲ್ಲ. ದಿನಕ್ಕೆ ಒಂದು ಎಂಬ ಮಾತು ನೆನಪಿತ್ತು. ಆದರೆ ನಾಲ್ಕು ವೈರುಗಳೂ ಒಂದೇ ಕಡೆಯಿಂದ ಬಂದಿವೆ, ಎಲ್ಲ ನನ್ನ ಪೀಪಿಗಳಿಗೇ ಹೋಗುತ್ತವೆ ಎಂದು ನನಗೆ ಖಾತ್ರಿ ಅನಿಸಿತು. ನನ್ನ ಬದುಕಿನಲ್ಲಿ ಖಾತ್ರಿ ಅನಿಸಿದ್ದು ಇದೇ ಮೊದಲು. ಅದೇ ತಲೆಗೇರಿತು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ನಾಲ್ಕನ್ನೂ ಕತ್ತರಿಸಿದೆ. ಒಂದು ಕೆಂಪು ವೈರು ಡೀಸೆಲ್ ಪಂಪಿನ ಪಕ್ಕದ ಸಣ್ಣ ಡಬ್ಬಿಗೆ ಹೋಗುತ್ತಿತ್ತು. ಅದನ್ನೂ ಎಂದೋ ನಾನೇ ಹಾಕಿರಬೇಕು ಎಂದುಕೊಂಡೆ.

ಇಂಜಿನ್ ಶುರು ಮಾಡಿದೆ. ಎಷ್ಟು ಹದವಾಗಿ ಓಡಿತೆಂದರೆ ಎರಡು ನಿಮಿಷ ಕೇಳುತ್ತ ನಿಂತೆ. ಆಮೇಲೆ ಕೀ ತಿರುಗಿಸಿದೆ. ಇಂಜಿನ್ ಓಡುತ್ತಲೇ ಇತ್ತು. ಕೀ ಹೊರಗೆ ತೆಗೆದೆ. ಓಡುತ್ತಲೇ ಇತ್ತು.

ಕೀ ತಿರುಗಿಸಿದಾಗ ಡೀಸೆಲ್ ನಿಲ್ಲಿಸುವುದು ಆ ಡಬ್ಬಿಯೇ. ಬಸ್ಸಿನ ಕಾಲದಿಂದ ಇದ್ದದ್ದು. ಇಡೀ ಬಾನೆಟ್ಟಿನಲ್ಲಿ ನಾನು ಹಾಕದೇ ಇದ್ದ ಒಂದು ವೈರನ್ನು ಹುಡುಕಿ ಕತ್ತರಿಸಿದ್ದೆ. ಎಳೆಯುವ ಗುಂಡಿ ಶನಿವಾರವೇ ಶೆಡ್ಡಿಗೆ ಹೋಗಿತ್ತು.

ಲಾರಿಯ ಸುತ್ತ ಎರಡು ಸುತ್ತು ಓಡಿದೆ. ಬ್ಯಾಟರಿ ಬಿಚ್ಚಿದೆ. ಡೀಸೆಲ್ ಇಂಜಿನ್ ಒಮ್ಮೆ ಶುರುವಾದರೆ ಬ್ಯಾಟರಿ ಕೇಳುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಡುವವನು ನಾನು, ಆದರೂ ಬಿಚ್ಚಿದೆ. ಪಂಪಿನ ಲಿವರಿಗೆ ಕೈ ಹಾಕಲು ಹೋದರೆ ಪಕ್ಕದಲ್ಲೇ ಫ್ಯಾನು ಗಿರಗಿರ ತಿರುಗುತ್ತಿದೆ. ಡೀಸೆಲ್ ಮುಗಿಯುವವರೆಗೆ ಕಾಯಬೇಕು, ಟ್ಯಾಂಕು ನಿನ್ನೆಯಷ್ಟೇ ತುಂಬಿಸಿದ್ದು, ಎರಡು ದಿನ ಓಡುತ್ತದೆ, ಅಷ್ಟರಲ್ಲಿ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಗಂಟೆಯೂ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು, ಕೀ ನಿಮ್ಮ ಕೈಯಲ್ಲೇ ಇದೆಯಲ್ಲ ಅಳಿಯಂದಿರೇ ಎಂದರು. ನೋಡಿಕೊಂಡೆ. ಇತ್ತು.

ಇವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಬಂದಳು. ನಾನು ಏನೋ ಹೇಳುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ. "ಮುಂದೆ ನಿಲ್ಬೇಡಿ, ಈ ಕಡೆ ಬನ್ನಿ" ಎಂದಳು. ಹತ್ತಿ ಕೂತು, ಕ್ಲಚ್ಚು ತುಳಿದು ಟಾಪ್ ಗೇರಿಗೆ ಹಾಕಿದಳು. ಬ್ರೇಕನ್ನು ಕಾಲಿಟ್ಟು ಒತ್ತಿದಳು. ಆಮೇಲೆ ಕ್ಲಚ್ಚನ್ನು ಮೆಲ್ಲಗೆ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ ಬಿಟ್ಟಳು. ಲಾರಿ ಎಮ್ಮೆಯಂತೆ ಒಮ್ಮೆ ಮೈ ಕೊಡವಿತು, ಎರಡು ಸಲ ಗುದ್ದಿತು, ಇಂಜಿನ್ ನಿಂತಿತು.

ಬೀದಿಯೆಲ್ಲ ಸುಮ್ಮನಾದ ಹಾಗಾಯಿತು.

"ಟ್ಯಾಂಕರ್‌ದು ವಾರಕ್ಕೆ ಎರಡು ಸಲ ಹಿಂಗೇ ಮಾಡ್ತಿತ್ತು" ಎಂದು ಇಳಿದಳು. ನನಗೂ ಗೊತ್ತಿತ್ತು ಎಂದೆ. ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ಗೊತ್ತು. ತಲೆಯಲ್ಲಿ ಇರುವುದು ಕಾಲಿಗೆ ಬರುವ ದಾರಿಯಲ್ಲೂ ನಾನು ಏನೇನೋ ತುಂಬಿಸಿಟ್ಟಿದ್ದೇನೆ ಎಂದು ಕಾಣುತ್ತದೆ.

ಅವಳು ಬಟ್ಟೆ ಒಣಗಿಸಲು ವಾಪಸ್ಸು ಹೋದಳು. ಉಳಿದಿದ್ದ ಬಟ್ಟೆಗಳನ್ನು ನಾನು ಹಿಂಡಿಕೊಟ್ಟೆ.

ಸೆಪ್ಟೆಂಬರ್ 24, ಬುಧವಾರ

ಮೇಸ್ತ್ರಿಯಿಂದ ಬೈಸಿಕೊಂಡೆ. ವೈರು ಕತ್ತರಿಸಿದ್ದಕ್ಕಿಂತ ಓಡುವ ಇಂಜಿನ್ನಿನ ಬ್ಯಾಟರಿ ಬಿಚ್ಚಿದ್ದಕ್ಕೆ ಹೆಚ್ಚು. ಡೈನಮೋ ಉಳಿದದ್ದು ನಿನ್ನ ಪುಣ್ಯ ಎಂದ. ಕೆಂಪು ವೈರು ಸೇರಿಸಿದ. ಎಳೆಯುವ ಗುಂಡಿಯನ್ನೂ ವಾಪಸ್ಸು ಹಾಕಲೇ ಎಂದು ಅವನೇ ಕೇಳಿದ. ಇವಳಿಗೆ ಬೇಕಿದ್ದರೆ ಹಾಕು ಎಂದೆ. ಅವಳು ಬೇಡ ಎಂದಳು.

ಅಲ್ಲಿಂದ ಫ್ಯಾಕ್ಟರಿಗೆ ಹೋದೆ. ಮ್ಯಾನೇಜರು ಪೆನ್ನು ಹಿಡಿದರು. ಹೆಸರು ಹೇಳಿದೆ. ಬರೆದುಕೊಂಡು, ನಿಮ್ಮ ಮನೆಯವರೇ, ಈ ದಾರಿ ಆಗುತ್ತದೆಯೇ ಎಂದರು. "ನನಗಿಂತ ಕೈ ಚೆನ್ನಾಗಿದೆ" ಎಂದೆ. ಹೊರಗೆ ಬಂದ ಮೇಲೆ ಛತ್ರಿ ಮರೆತದ್ದು ನೆನಪಾಗಿ ಮತ್ತೆ ಒಳಗೆ ಹೋಗಬೇಕಾಯಿತು. ಆ ಛತ್ರಿಯ ಒಂದು ಕಡ್ಡಿ ಮುರಿದಿದೆ. ರಿಪೇರಿ ಮಾಡಿಸಬೇಕು.

ಸೆಪ್ಟೆಂಬರ್ 27, ಶನಿವಾರ

ಮಾರ್ಕೆಟ್ಟಿನವರೆಗೆ ಖಾಲಿ ಗಾಡಿಯಲ್ಲಿ ಹೋಗಿ ಬಂದೆವು. ಏರಿನ ಮೇಲೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ಮ್ಯಾಟು ಸುರುಟಿಹೋಯಿತು. ಅವಳು ಅದನ್ನು ನೋಡಿ, "ಅಲ್ಲಿ ಬ್ರೇಕಿಲ್ಲ ರೀ. ಇದ್ದಿದ್ರೆ ನೀವು ಎರಡು ಹಾಕಿಸಿರ್ತಿದ್ರಿ" ಎಂದಳು. ಇಬ್ಬರೂ ನಕ್ಕೆವು. ಮಾರ್ಕೆಟ್ಟಿನಲ್ಲಿ ಹಿಂದೆ ತೆಗೆಯುವ ಜಾಗ ಬಹಳ ಇಕ್ಕಟ್ಟು, ಅಲ್ಲಿ ಇಳಿದು ದಾರಿ ಹೇಳೋಣ ಎಂದು ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಗಾಡಿ ನಿಂತಿತ್ತು, ಜಾಗದಲ್ಲೇ.

ವಾಪಸ್ಸು ಬರುವಾಗ ಕಿಟಕಿಯ ಹೊರಗೆ ನೋಡಿದೆ. ಆ ದಾರಿಯಲ್ಲಿ ಒಂದು ಕೆರೆ ಇದೆ. ಹದಿನಾಲ್ಕು ವರ್ಷದಲ್ಲಿ ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ನಾಳೆ. ನಾನೂ ಬರುತ್ತೇನೆ ಎಂದೆ. "ಬೇಡ. ನಿಮ್ಮನ್ನ ನೋಡ್ಕೋಬೇಕಾ, ದಾರಿ ನೋಡಬೇಕಾ?" ಎಂದಳು.

ಬಾನೆಟ್ ಎತ್ತಿ ಒಂದು ಸಲ ನೋಡಿದೆ. ನೆಲ ಕಂಡಿತು. ಮುಚ್ಚಿದೆ.

ಅಕ್ಟೋಬರ್ 1, ಬುಧವಾರ

ಬೆಳಿಗ್ಗೆ ಐದೂವರೆಗೆ ಹೊರಟಳು. ಹೋಗುವಾಗ ಕನ್ನಡಿ ಸರಿಮಾಡಿಕೊಂಡಳು ಅಷ್ಟೇ. ನನ್ನ ಎತ್ತರಕ್ಕೆ ಇದ್ದದ್ದನ್ನು ಅವಳ ಎತ್ತರಕ್ಕೆ ಇಳಿಸಿದಳು.

ಕುರ್ಚಿ ತಂದು ಗೇಟಿನ ನಡುವೆಯೇ ಹಾಕಿಕೊಂಡು ಕೂತೆ, ದೂರದ ತಿರುವು ಕಾಣುವ ಹಾಗೆ. ಯಾವ ಹೊತ್ತಿಗೆ ಯಾವ ಭಯ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಆರು ಗಂಟೆಗೆ ಫ್ಯಾಕ್ಟರಿಯ ಗೇಟು. ಏಳಕ್ಕೆ ಏರು. ಎಂಟಕ್ಕೆ ಸೇತುವೆ. ಎಂಟೂವರೆಗೆ ಮಾರ್ಕೆಟ್ಟಿನ ಇಕ್ಕಟ್ಟು. ಆರರದ್ದನ್ನು ಸರಿಯಾಗಿಯೇ ಮಾಡಿದೆ. ಏಳರದ್ದಕ್ಕೆ ಕೂತ ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಮೊಣಕಾಲಿಗೆ ಬಂದಿತ್ತು. ನಾನು ಗೇಟಿನಲ್ಲಿ ಇರಲಿಲ್ಲ, ನುಗ್ಗೆ ಗಿಡದ ಪಕ್ಕದಲ್ಲಿದ್ದೆ. ಅದೇ ಕುರ್ಚಿ, ಅದೇ ಭಂಗಿ, ತೊಡೆಯ ಮೇಲೆ ಯಾರೋ ಹೊದಿಸಿದ ಟವಲ್ಲು. ಲಾರಿ ಅಂಗಳದಲ್ಲಿ ನಿಂತಿತ್ತು. ಬಾನೆಟ್ ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟೆ. ಉಗುರುಬೆಚ್ಚಗೂ ಇರಲಿಲ್ಲ, ಪೂರ್ತಿ ಆರಿತ್ತು.

ಒಳಗೆ ಇವಳು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಳು. ಯಾವಾಗ ಬಂದೆ ಎಂದು ಕೇಳಿದೆ.

"ಹನ್ನೊಂದೂಮುಕ್ಕಾಲಿಗೆ. ಗೇಟಲ್ಲಿ ಅಡ್ಡ ಕೂತಿದ್ರಿ. ಎರಡು ಸಲ ಕೂಗಿದೆ, ಏಳಲಿಲ್ಲ. ಅಮ್ಮ ಟವಲ್ ತಂದ್ಲು. ನಾನು ಕುರ್ಚಿ ಸಮೇತ ಎಳೆದು ಆ ಕಡೆ ಇಟ್ಟು ಗಾಡಿ ಒಳಗೆ ತಂದೆ."

"ಐಸು?"

"ಒಂದು ಗಡ್ಡೆಯೂ ಕರಗಿಲ್ಲ. ನಾಳೆ ಅರ್ಧ ಗಂಟೆ ಮುಂಚೆ ಬಾ ಅಂದಿದ್ದಾರೆ."

ಬೇರೆ ಏನು ಕೇಳಬೇಕು ಎಂದು ತುಂಬ ಯೋಚಿಸಿದೆ. ಹೊಳೆಯಲಿಲ್ಲ. ಹೆಂಡತಿ ಆರು ಟನ್ ಐಸು ಹೊತ್ತು ಏರು ಹತ್ತುತ್ತಿದ್ದಾಗ ಗೊರಕೆ ಹೊಡೆದ ಗಂಡ ನಾನು. ಮೈಯಲ್ಲಿ ಏನೋ ಸರಿಯಿಲ್ಲ. ಒಂದು ದಿನ ಹೋಗಿ ಡಾಕ್ಟರಿಗೆ ತೋರಿಸಬೇಕು. ಅವಸರವೇನಿಲ್ಲ.

ನಾಳೆ ಐದಕ್ಕೇ ಹೊರಡುತ್ತಾಳೆ. ಕುರ್ಚಿಯನ್ನು ಮೊದಲೇ ಸ್ವಲ್ಪ ಪಕ್ಕಕ್ಕೆ ಹಾಕಿಕೊಂಡು ಕೂತರಾಯಿತು.